ಕ್ಲಾಸಿಕಲ್ ಗಿಟಾರ್: ಮೊದಲ ಎರಡು ವರ್ಷ ಯಾವ ಪೀಸ್ ಕಲಿಯಬೇಕು, ಯಾವುದನ್ನು ಸದ್ಯಕ್ಕೆ ಮುಟ್ಟಬಾರದು

ಸಂಗೀತ ಪಾಠಕ್ಕೆ ಸೇರಿದ ಮಗುವಿಗೆ ಮೊದಲ ವಾರವೇ ಯಾರೂ ಭೈರವಿ ಅಟತಾಳ ವರ್ಣ ಹೇಳಿಕೊಡುವುದಿಲ್ಲ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ ದಾಟಿ ಮಲಹರಿಯ ಪಿಳ್ಳಾರಿ ಗೀತೆಗೆ ಬರಲು ತಿಂಗಳುಗಳೇ ಹಿಡಿಯುತ್ತವೆ. ರುದ್ರಪಟ್ಟಣದಂಥ ಸಂಗೀತಗಾರರ ಊರನ್ನು ಇಟ್ಟುಕೊಂಡಿರುವ ಹಾಸನ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅದೇ ಮನೆಗೆ ಗಿಟಾರ್ ಬಂದರೆ ಲೆಕ್ಕವೆಲ್ಲ ತಲೆಕೆಳಗು. ಯೂಟ್ಯೂಬ್‌ನಲ್ಲಿ ಕೇಳಿ ಇಷ್ಟವಾದ ಪೀಸ್ ಯಾವುದೋ ಅದೇ ಮೊದಲ ಪಾಠ. ಎಂಟು ಬಾರ್ ಬರುತ್ತದೆ, ಒಂಬತ್ತನೆಯದರಲ್ಲಿ ಕೈ ನಿಲ್ಲುತ್ತದೆ, ಆರು ತಿಂಗಳ ಮೇಲೆ ಗಿಟಾರ್ ಬೀರುವಿನ ಮೇಲೆ.

ಒಂದು ಪೀಸ್ ಎಷ್ಟು ಕಷ್ಟ ಎಂದು ತಿಳಿಯಲು ಅದರ ಮೊದಲ ಸಾಲು ನೋಡಿ ಪ್ರಯೋಜನವಿಲ್ಲ. ಅದರಲ್ಲಿರುವ ಅತಿ ಕಷ್ಟದ ಬಾರ್ ಯಾವುದು, ಅದು ನಿಮ್ಮ ಕೈಗೆ ಇವತ್ತು ಎಷ್ಟು ದೂರದಲ್ಲಿದೆ ಎಂದು ನೋಡಬೇಕು. ಮುಂದಿನ ಹೆಜ್ಜೆಗಳೆಲ್ಲ ಅದನ್ನು ಅಳೆಯುವ ದಾರಿಗಳು.

ಶುರು ಮಾಡುವ ಮುನ್ನ ಎರಡು ಪದ. ನೋಟೇಶನ್‌ನಲ್ಲಿ ಎರಡು ನಿಂತ ಗೆರೆಗಳ ನಡುವಿನ ಭಾಗಕ್ಕೆ ಇಲ್ಲಿ ‘ಬಾರ್’ ಎನ್ನುತ್ತೇವೆ. ತೋರುಬೆರಳನ್ನು ಅಡ್ಡ ಮಲಗಿಸಿ ಹಲವು ತಂತಿಗಳನ್ನು ಒಟ್ಟಿಗೆ ಒತ್ತುವುದು ‘ಬಾರೆ’. ಕೇಳಲು ಅಣ್ಣತಮ್ಮಂದಿರಂತಿದ್ದರೂ ಎರಡಕ್ಕೂ ಸಂಬಂಧವಿಲ್ಲ.

ಹೆಜ್ಜೆ 1: ಪೀಸ್‌ಗಿಂತ ಮೊದಲು ಗಿಟಾರ್

ಹಾಸನ, ಚಿಕ್ಕಮಗಳೂರಿನ ಅಂಗಡಿಗಳಲ್ಲಿ ಗಿಟಾರ್ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಸ್ಟೀಲ್ ತಂತಿಯ ಅಕೌಸ್ಟಿಕ್. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಬೇಕೆಂದರೆ ಬಹಳ ಸಲ ಹೇಳಿ ತರಿಸಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ಕೊಳ್ಳಬೇಕು. ವ್ಯತ್ಯಾಸ ಬರೀ ದನಿಯದ್ದಲ್ಲ. ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ನಟ್ ಎಂಬ ಪಟ್ಟಿ ಕ್ಲಾಸಿಕಲ್‌ನಲ್ಲಿ ಸುಮಾರು 52 ಮಿ.ಮೀ. ಅಗಲ, ಸ್ಟೀಲ್ ಗಿಟಾರ್‌ನಲ್ಲಿ ಸುಮಾರು 43. ಒಂದು ಬೆರಳು ತಂತಿ ಒತ್ತಿರುವಾಗ ಪಕ್ಕದ ಖಾಲಿ ತಂತಿ ನುಡಿಯುತ್ತಿರಬೇಕಾದ ಪೀಸ್‌ಗಳೇ ಕ್ಲಾಸಿಕಲ್‌ನಲ್ಲಿ ಹೆಚ್ಚು. ಕಿರಿದಾದ ಕತ್ತಿನ ಮೇಲೆ ಬೆರಳಿನ ಬದಿ ಪಕ್ಕದ ತಂತಿಗೆ ತಾಗಿ ದನಿ ಸಾಯುತ್ತದೆ.

ಇರುವುದು ಸ್ಟೀಲ್ ಗಿಟಾರ್ ಒಂದೇ ಆಗಿದ್ದರೆ ಅದರಲ್ಲೇ ಶುರು ಮಾಡಿ, ಆದರೆ ಒಂದೇ ಸಾಲಿನ ಮತ್ತು ಅರ್ಪೆಜಿಯೊ (ಕಾರ್ಡ್ ಎಂಬ ಸ್ವರಗುಚ್ಛವನ್ನು ಹಿಡಿದು ತಂತಿಗಳನ್ನು ಒಂದೊಂದಾಗಿ ಮೀಟುವ) ಪೀಸ್‌ಗಳಿಗೆ ಸೀಮಿತವಾಗಿರಿ. ಕ್ಲಾಸಿಕಲ್ ಗಿಟಾರ್‌ಗೆ ಸ್ಟೀಲ್ ತಂತಿ ಮಾತ್ರ ಎಂದೂ ಹಾಕಬೇಡಿ. ನೈಲಾನ್ ಸೆಟ್ ಒಟ್ಟು ಸುಮಾರು 40 ಕೆಜಿ ಎಳೆದರೆ ಸ್ಟೀಲ್ ಸೆಟ್ 70ರ ಆಸುಪಾಸು ಎಳೆಯುತ್ತದೆ. ತಂತಿ ಕಟ್ಟಿರುವ ಬ್ರಿಡ್ಜ್ ಮರದಿಂದ ಕಿತ್ತು ಬರುತ್ತದೆ.

ಈಗ 12ನೇ ಫ್ರೆಟ್‌ನ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಮಕ್ಕಳ ಪ್ಲಾಸ್ಟಿಕ್ ಸ್ಕೇಲ್ ಬೇಡ, ಅದರ ಸೊನ್ನೆ ಅಂಚಿನಿಂದ ಒಳಗೆ ಶುರುವಾಗುತ್ತದೆ. ಅಂಚಿನಿಂದಲೇ ಸೊನ್ನೆ ಇರುವ ಸ್ಟೀಲ್ ಸ್ಕೇಲ್ ತೆಗೆದುಕೊಳ್ಳಿ. ಅತಿ ದಪ್ಪದ ಆರನೇ ತಂತಿ ಸುಮಾರು 4 ಮಿ.ಮೀ., ಅತಿ ತೆಳುವಾದ ಒಂದನೇ ತಂತಿ ಸುಮಾರು 3 ಮಿ.ಮೀ. ಇದ್ದರೆ ಸರಿ. 5 ಮಿ.ಮೀ. ದಾಟಿದ್ದರೆ ಬಾರೆ ಇರುವ ಯಾವ ಪೀಸ್ ಆರಿಸಿದರೂ ಅದು ಕೈಗೆ ಶಿಕ್ಷೆ. ಮೊದಲು ಗಿಟಾರ್ ರಿಪೇರಿಯವರಿಂದ ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್ ಎಂಬ ಪಟ್ಟಿಯನ್ನು ಉಜ್ಜಿಸಿ ಇಳಿಸಿಕೊಳ್ಳಿ.

ಈ ಅಳತೆಯನ್ನು ಮಾರ್ಚ್‌ನಲ್ಲೊಮ್ಮೆ, ಜುಲೈನಲ್ಲೊಮ್ಮೆ ಬರೆದಿಡಿ. ಮೂಡಿಗೆರೆ, ಸಕಲೇಶಪುರ ಕಡೆ ಪುಷ್ಯ ಮಳೆ ಹಿಡಿದಾಗ ಮನೆಯೊಳಗಿನ ತೇವಾಂಶ ಶೇ. 80 ದಾಟುವುದು ಸಾಮಾನ್ಯ, ಗಿಟಾರ್ ಮರ ಕೇಳುವುದು 45ರಿಂದ 55. ನೀರು ಕುಡಿದ ಮರ ಉಬ್ಬಿ ಮುಂಭಾಗದ ಹಲಗೆ ಮೇಲೇಳುತ್ತದೆ, ಅದರೊಂದಿಗೆ ತಂತಿಯೂ. ಬೇಸಿಗೆಯಲ್ಲಿ ಸಲೀಸಾಗಿ ಹಿಡಿಯುತ್ತಿದ್ದ ಬಾರೆ ಮಳೆಗಾಲದಲ್ಲಿ ಕೈಕೊಟ್ಟರೆ ‘ನನಗೆ ಮರೆತುಹೋಯಿತು’ ಎಂದುಕೊಳ್ಳುವ ಮೊದಲು ಸ್ಕೇಲ್ ಹಿಡಿಯಿರಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು ಮುಚ್ಚಿಡಿ, ಹೊರಗೋಡೆಗೆ ಒರಗಿಸಬೇಡಿ. ಬಾರೆ ಹೆಚ್ಚಿರುವ ಹೊಸ ಪೀಸನ್ನು ದಸರಾ ಕಳೆದ ಮೇಲೆ ಶುರು ಮಾಡಿದರೆ ನಷ್ಟವೇನಿಲ್ಲ.

ಹೆಜ್ಜೆ 2: ನಿಮ್ಮ ಕೈಯ ಪರೀಕ್ಷೆ

ಫೋನ್‌ನಲ್ಲಿ ತಾಳ ಹಾಕುವ ಮೆಟ್ರೊನೋಮ್ ಆ್ಯಪ್ ಹಾಕಿಕೊಂಡು ನಿಮಿಷಕ್ಕೆ 60 ಬೀಟಿಗೆ ಇಡಿ. ಐದು ಪರೀಕ್ಷೆ, ಕಾಲು ಗಂಟೆ ಸಾಕು.

ಒಂದು, ಬಲಗೈ. ಹೆಬ್ಬೆರಳು ಐದನೇ ತಂತಿಗೆ, ತೋರುಬೆರಳು ಮೂರಕ್ಕೆ, ಮಧ್ಯದ ಬೆರಳು ಎರಡಕ್ಕೆ, ಉಂಗುರ ಬೆರಳು ಒಂದಕ್ಕೆ. ಎಡಗೈ ಬೇಡ. ಬೀಟಿಗೆ ಎರಡು ಸ್ವರದಂತೆ ಒಂದು ನಿಮಿಷ ತಪ್ಪದೆ ನುಡಿಸಬೇಕು.

ಎರಡು, ಕಾರ್ಡ್ ಬದಲಾವಣೆ. ಸಿ ಮೇಜರ್‌ನಿಂದ ಜಿ ಸೆವೆನ್‌ಗೆ, ನಾಲ್ಕು ಬೀಟಿಗೊಮ್ಮೆ. ಬದಲಿಸುವಾಗ ಬಲಗೈ ನಿಲ್ಲಬಾರದು.

ಮೂರನೆಯದು ಅತಿ ಮುಖ್ಯ, ಎರಡು ದನಿಯ ಪರೀಕ್ಷೆ. ಐದನೇ ತಂತಿಯ ಮೂರನೇ ಫ್ರೆಟ್‌ನಲ್ಲಿ ಉಂಗುರ ಬೆರಳಿಟ್ಟು ಕೆಳಗಿನ ಸಿ ನುಡಿಸಿ. ಅದು ಮೂರು ಬೀಟು ಮೊಳಗುತ್ತಲೇ ಇರಬೇಕು. ಅದರ ಮೇಲೆ ಒಂದನೇ ತಂತಿಯಲ್ಲಿ ಬೀಟಿಗೊಂದರಂತೆ ಮೂರು ಸ್ವರ: ಖಾಲಿ ತಂತಿಯ ಇ, ಮೊದಲ ಫ್ರೆಟ್‌ನ ಎಫ್ ತೋರುಬೆರಳಿನಿಂದ, ಮೂರನೇ ಫ್ರೆಟ್‌ನ ಜಿ ಕಿರುಬೆರಳಿನಿಂದ. ಹೊಸಬರು ಹೆಚ್ಚಾಗಿ ಎಡವುವುದು ಮೂರನೇ ಬೀಟಿನಲ್ಲಿ. ಕಿರುಬೆರಳಿಗೆ ಬಲ ಸಾಲದೆ ಉಂಗುರ ಬೆರಳನ್ನೇ ಎತ್ತಿ ಜಿಗೆ ತರುತ್ತಾರೆ, ಬಾಸ್, ಅಂದರೆ ಕೆಳಗಿನ ದನಿ, ಅಲ್ಲೇ ಕಡಿದುಹೋಗುತ್ತದೆ. ನುಡಿಸುವವರಿಗೆ ಮೇಲಿನ ರಾಗ ಸರಿಯಾಗಿ ಕೇಳಿದ್ದರಿಂದ ತಪ್ಪು ಗೊತ್ತೇ ಆಗುವುದಿಲ್ಲ. ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಗೊತ್ತಾಗುತ್ತದೆ.

ನಾಲ್ಕು, ಸಣ್ಣ ಬಾರೆ. ಮೊದಲ ಫ್ರೆಟ್‌ನಲ್ಲಿ ತೋರುಬೆರಳಿನಿಂದ ಒಂದು ಮತ್ತು ಎರಡನೇ ತಂತಿ ಎರಡನ್ನೂ ಒತ್ತಿ. ಎರಡೂ ಸ್ಪಷ್ಟವಾಗಿ ನುಡಿಯಬೇಕು.

ಐದು, ಓದು. ಹಿಂದೆಂದೂ ನೋಡಿರದ ಎಂಟು ಬಾರ್‌ಗಳ ಒಂದು ಸರಳ ರಾಗವನ್ನು, ಮೊದಲ ಮೂರು ಫ್ರೆಟ್‌ಗಳಲ್ಲಿ, ಎಷ್ಟೇ ನಿಧಾನವಾಗಿಯಾದರೂ ನಿಲ್ಲಿಸದೆ ಓದಿ ನುಡಿಸಬೇಕು.

ಮೊದಲೆರಡರಲ್ಲಿ ಮಾತ್ರ ಪಾಸಾದರೆ ಒಂದೇ ದನಿಯ ರಾಗ ಮತ್ತು ಅರ್ಪೆಜಿಯೊ ಪೀಸ್‌ಗಳು. ಮೂರನೆಯದೂ ಆದರೆ ಎರಡು ದನಿಯ ಸಣ್ಣ ಆಂಡಾಂಟೆ (ನಿಧಾನ ನಡೆಯ ಪೀಸ್), ಮೂರು ಬೀಟಿನ ವಾಲ್ಟ್ಸ್‌ಗಳು. ನಾಲ್ಕನೆಯದೂ ದಾಟಿದವರು ಬಾರೆಯಿರುವ ಪೀಸ್ ತೆರೆಯಬಹುದು. ಐದನೆಯದರಲ್ಲಿ ಸೋತವರು ಉಳಿದ ನಾಲ್ಕರಲ್ಲಿ ಗೆದ್ದಿದ್ದರೂ ಒಂದು ಮೆಟ್ಟಿಲು ಕೆಳಗಿನ ಪೀಸ್ ಆರಿಸಬೇಕು. ಓದಲು ಬಾರದ ಕೈ ಎಲ್ಲವನ್ನೂ ಬಾಯಿಪಾಠ ಮಾಡುತ್ತದೆ, ಬಾಯಿಪಾಠಕ್ಕೆ ಕಾಲ ಹಿಡಿಯುತ್ತದೆ.

ವೀಣೆ ಕಲಿತವರಿಗೆ ಒಂದು ಮಾತು. ಸ್ವರಜ್ಞಾನ, ತಾಳ ಎರಡೂ ನಿಮಗೆ ಬಂಡವಾಳ. ಆದರೆ ವೀಣೆಯಲ್ಲಿ ತೋರುಬೆರಳು, ಮಧ್ಯದ ಬೆರಳು ಕೆಳಮುಖವಾಗಿ ಮೀಟುತ್ತವೆ. ಗಿಟಾರ್‌ನಲ್ಲಿ ಅದೇ ಬೆರಳುಗಳು ಅಂಗೈ ಕಡೆಗೆ ಮೇಲಕ್ಕೆ ಎಳೆಯುತ್ತವೆ. ಮೊದಲ ಎರಡು ತಿಂಗಳು ಎಡಗೈ ಮುಂದೆ ಓಡಿ ಬಲಗೈ ಹಿಂದೆ ಬೀಳುತ್ತದೆ. ಪೀಸನ್ನು ಬಲಗೈ ನೋಡಿಯೇ ಆರಿಸಿ.

ಹೆಜ್ಜೆ 3: ನುಡಿಸುವ ಮೊದಲು ಹಾಳೆ ಓದಿ

ಗಿಟಾರ್ ಪಕ್ಕಕ್ಕಿಟ್ಟು ಪೆನ್ಸಿಲ್ ಹಿಡಿಯಿರಿ.

ಮೊದಲು ಕೀ, ಅಂದರೆ ಪೀಸ್‌ನ ಆಧಾರ ಸ್ವರ ಮತ್ತು ಸ್ವರಗುಂಪು, ನೋಡಿ. ಗಿಟಾರ್‌ನ ಖಾಲಿ ತಂತಿಗಳು ದಪ್ಪ ತಂತಿಯಿಂದ ಶುರುವಾಗಿ ಇ, ಎ, ಡಿ, ಜಿ, ಬಿ, ಇ. ಬಾಸ್‌ನ ಮೂರು ತಂತಿಗಳು ಎಡಗೈ ಮುಟ್ಟದೆಯೇ ನುಡಿಯುವ ಕೀಗಳು ಹೊಸಬರಿಗೆ ಅನುಕೂಲ: ಎ ಮೈನರ್, ಇ ಮೈನರ್, ಡಿ ಮೇಜರ್, ಎ ಮೇಜರ್. ಸಿ ಮತ್ತು ಜಿ ಮೇಜರ್ ಕೂಡ ಪರವಾಗಿಲ್ಲ. ಫ್ಲಾಟ್ (ಸ್ವರವನ್ನು ಅರ್ಧ ಮೆಟ್ಟಿಲು ಇಳಿಸುವ) ಗುರುತುಗಳಿರುವ ಎಫ್ ಅಥವಾ ಬಿ ಫ್ಲಾಟ್ ಕಂಡರೆ ಹುಷಾರು. ಅಲ್ಲಿ ಖಾಲಿ ತಂತಿಗಳು ಕೆಲಸಕ್ಕೆ ಬರುವುದು ಕಡಿಮೆ, ಪ್ರತಿ ಬಾಸ್‌ಗೂ ಒಂದು ಬೆರಳು ಖರ್ಚು.

ಆಮೇಲೆ ಬಾರೆ. ಸ್ವರಗಳ ಮೇಲೆ ರೋಮನ್ ಅಂಕಿ ಇದ್ದರೆ ಅದು ಕೈ ಯಾವ ಫ್ರೆಟ್‌ನಲ್ಲಿರಬೇಕೆಂಬ ಸೂಚನೆ. ಅದರ ಹಿಂದೆ ಇಂಗ್ಲಿಷ್‌ನ ಸಿ ಅಥವಾ ಬಿ ಅಕ್ಷರ ಇದ್ದರೆ ಬಾರೆ. ಇವಕ್ಕೆಲ್ಲ ಸುತ್ತು ಹಾಕಿ. ಒಂದು ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸುತ್ತು ಬಿದ್ದರೆ, ಮೊದಲ ವರ್ಷದವರು ಪುಟ ಮಗುಚಿ.

ಸ್ವರದ ಕಡ್ಡಿಗಳು ಬಹಳ ಹೇಳುತ್ತವೆ. ಮೇಲ್ಮುಖ ಕಡ್ಡಿ ಒಂದು ದನಿ, ಕೆಳಮುಖ ಕಡ್ಡಿ ಇನ್ನೊಂದು. ಬಾಸ್ ಬಾರ್‌ಗೊಮ್ಮೆ ಬಂದು ನಿಂತುಬಿಟ್ಟರೆ ಪೀಸ್ ಸುಲಭ. ಮೇಲಿನ ಸ್ವರ ಓಡುವಾಗಲೇ ಕೆಳಗಿನದೂ ಓಡುತ್ತಿದ್ದರೆ, ಹಾಳೆ ಎಷ್ಟೇ ಖಾಲಿಯಾಗಿ ಕಂಡರೂ ಅದು ಕಷ್ಟದ ಪೀಸ್. ಕಪ್ಪು ಚುಕ್ಕಿಗಳು ಒತ್ತಾಗಿ ತುಂಬಿದ ಅರ್ಪೆಜಿಯೊ ಪುಟ ನೋಡಿ ಹೆದರುವವರು ಬಹಳ. ಅಲ್ಲಿ ಬಹುಪಾಲು ಒಂದೇ ಕಾರ್ಡ್ ಹಿಡಿದು ಬಲಗೈ ಒಂದೇ ಮಾದರಿ ತಿರುಗಿಸುತ್ತಿರುತ್ತದೆ. ಹಾಳೆಯ ಕಪ್ಪಿಗೂ ಕಷ್ಟಕ್ಕೂ ನೇರ ಲೆಕ್ಕವಿಲ್ಲ.

ಉದ್ದವನ್ನೂ ನೋಡಿ: 16ರಿಂದ 32 ಬಾರ್ ಹಿತ.

ಹೆಜ್ಜೆ 4: ಅತಿ ಕಷ್ಟದ ಬಾರ್‌ನಿಂದ ಪರೀಕ್ಷೆ

ಸುತ್ತು ಹಾಕಿದ ಬಾರ್‌ಗಳಲ್ಲಿ ಅತಿ ಕೆಟ್ಟದ್ದನ್ನು ಆರಿಸಿ. ಅದರ ಹಿಂದಿನ ಬಾರ್, ಅದು, ಮುಂದಿನದು, ಹೀಗೆ ಮೂರನ್ನೇ ಮೂರು ದಿನ, ದಿನಕ್ಕೆ ಹತ್ತು ನಿಮಿಷ ನುಡಿಸಿ. ಹಿಂದುಮುಂದಿನದು ಏಕೆಂದರೆ ಕೈ ಸಿಕ್ಕಿಕೊಳ್ಳುವುದು ಕಾರ್ಡ್‌ನಲ್ಲಿ ಕಡಿಮೆ, ಕಾರ್ಡ್‌ಗೆ ಹೋಗುವ ದಾರಿಯಲ್ಲಿ ಹೆಚ್ಚು. ಮೂರನೇ ದಿನ, ಪೀಸ್‌ನ ನಿಜವಾದ ವೇಗದ ಅರ್ಧಕ್ಕೆ ಐದು ಸಲದಲ್ಲಿ ನಾಲ್ಕು ಸಲ ಶುದ್ಧವಾಗಿ ಬಂದರೆ ಪೀಸ್ ನಿಮ್ಮದು. ಬರದಿದ್ದರೆ ತಾರೀಖು ಬರೆದು ಫೈಲಿಗೆ ಹಾಕಿ, ನಾಲ್ಕು ತಿಂಗಳ ಮೇಲೆ ತೆಗೆಯಿರಿ. ಮಣಿಕಟ್ಟಿನಲ್ಲಾಗಲಿ ಹೆಬ್ಬೆರಳ ಬುಡದಲ್ಲಾಗಲಿ ನೋವು ಬಂದರೆ ಮೂರು ದಿನ ಕಾಯಬೇಡಿ, ಅಲ್ಲೇ ಬಿಡಿ.

ಹೆಜ್ಜೆ 5: ಯಾವ ಕ್ರಮದಲ್ಲಿ

ಮೊದಲ ಮೂರು ತಿಂಗಳು ಇಟಲಿಯ ಮೌರೊ ಜುಲಿಯಾನಿ (1781–1829) ಬರೆದ ಓಪಸ್ 1ರ (ಓಪಸ್ ಎಂದರೆ ರಚನೆಯ ಕ್ರಮಸಂಖ್ಯೆ) ಬಲಗೈ ಅಭ್ಯಾಸಗಳನ್ನು ಇಟ್ಟುಕೊಳ್ಳಿ. 120 ಅಭ್ಯಾಸಗಳಿಗೂ ಸಿ ಮತ್ತು ಜಿ ಸೆವೆನ್ ಎರಡೇ ಕಾರ್ಡ್. ಎಡಗೈಗೆ ಹೊಸ ಕೆಲಸವಿಲ್ಲ, ಗಮನವೆಲ್ಲ ಬಲಗೈಗೆ. ಇವೇ ನಮ್ಮ ಸರಳೆ ವರಸೆ ಎಂದುಕೊಳ್ಳಿ. ಮೊದಲ ಹತ್ತು ಸಾಕು, 120ನ್ನೂ ಮುಗಿಸುವ ಹಟ ಬೇಡ. ಜೊತೆಗೆ ಬಾರ್ಸಿಲೋನಾದ ಫರ್ನಾಂಡೊ ಸೋರ್ (1778–1839) ಅವರ ಓಪಸ್ 60. ಇದರ ಮೊದಲ ಪಾಠಗಳು ಒಂದೇ ದನಿಯ ರಾಗಗಳು, ಓದು ಕಲಿಯಲು ಇದಕ್ಕಿಂತ ಒಳ್ಳೆಯದು ಕಡಿಮೆ.

ನಾಲ್ಕರಿಂದ ಹತ್ತನೇ ತಿಂಗಳವರೆಗೆ ಎರಡು ದನಿ. ಫರ್ಡಿನಾಂಡೊ ಕರುಲಿ (1770–1841) ಅವರ ಓಪಸ್ 27 ಎಂಬ ಮೆಥಡ್‌ನ (ಕಲಿಕೆಯ ಪುಸ್ತಕದ) ಸಣ್ಣ ಪೀಸ್‌ಗಳು, ಮತ್ತೆಯೊ ಕರ್ಕಾಸಿ ಅವರ ಓಪಸ್ 59 ಮೆಥಡ್‌ನ ವಾಲ್ಟ್ಸ್, ಆಂಡಾಂಟಿನೊಗಳು, ಸೋರ್ ಅವರ ಓಪಸ್ 44 ಮತ್ತು ಓಪಸ್ 31ರ ಆರಂಭದವು. ಕರುಲಿ ಕೈಗೆ ಬೇಗ ಕೂರುತ್ತಾರೆ, ಆದರೆ ಸ್ವಲ್ಪ ದಿನಕ್ಕೆ ಎಲ್ಲವೂ ಒಂದೇ ಥರ ಕೇಳಿಸುತ್ತದೆ. ಸೋರ್ ಕಷ್ಟ, ಆದರೆ ನಾಲ್ಕು ಬಾರ್‌ನಲ್ಲೂ ಎರಡು ದನಿಗಳನ್ನು ಮಾತಾಡಿಸುತ್ತಾರೆ. ಎರಡು ಕರುಲಿಗೆ ಒಂದು ಸೋರ್ ಎಂಬ ಪ್ರಮಾಣ ಚೆನ್ನಾಗಿ ನಡೆಯುತ್ತದೆ.

ಎರಡನೇ ವರ್ಷ ಕರ್ಕಾಸಿಯ ಓಪಸ್ 60. ಇದರಲ್ಲಿ 25 ಅಭ್ಯಾಸಗಳಿವೆ, ನಂಬರ್ ಒಂದರಿಂದ ಶುರು ಮಾಡಬೇಡಿ: ಅದು ವೇಗದ ಸ್ವರಶ್ರೇಣಿ (ಸ್ಕೇಲ್). ಎ ಮೇಜರ್‌ನ ಮೂರನೆಯದು ಮೊದಲು, ಆಮೇಲೆ ಬಲಗೈ ಪಳಗಿದ್ದರೆ ಎ ಮೈನರ್‌ನ ಏಳು. ಸೋರ್ ಅವರ ಓಪಸ್ 35 ನಂಬರ್ 22, ಬಿ ಮೈನರ್‌ನದು, ಈ ಹಂತದ ಬಹುಮಾನ. ಎರಡನೇ ಫ್ರೆಟ್‌ನ ಬಾರೆ ಕಲಿಸಲು ಇಷ್ಟು ಸುಂದರವಾದ ಪೀಸ್ ಇನ್ನೊಂದು ಸಿಗುವುದು ಕಷ್ಟ. ಹಳೆಯ ದನಿಯೇ ಸಾಕಾಗಿದ್ದರೆ ಕ್ಯೂಬಾದ ಲಿಯೊ ಬ್ರೌವರ್ ಅವರ ‘ಎಸ್ಟುಡಿಯೋಸ್ ಸೆನ್ಸಿಯೋಸ್’ ಮೊದಲ ಭಾಗ ಕೊಳ್ಳಿ. ಮೊದಲನೆಯದರಲ್ಲಿ ರಾಗ ಇರುವುದೇ ಹೆಬ್ಬೆರಳಿನ ಬಾಸ್‌ನಲ್ಲಿ, ಮೇಲಿನ ತಂತಿಗಳು ಬರೀ ಪಕ್ಕವಾದ್ಯ.

ಹೆಜ್ಜೆ 6: ಎಲ್ಲರೂ ಬೀಳುವ ಹಳ್ಳಗಳು

ಸ್ಪ್ಯಾನಿಷ್ ‘ರೊಮಾನ್ಸ್’ ಇವುಗಳ ರಾಜ. ಇ ಮೈನರ್‌ನ ಮೊದಲ ನಾಲ್ಕು ಬಾರ್ ಒಂದು ತಂತಿಯ ಮೇಲೆ ಜಾರುವ ರಾಗ, ಯಾರಾದರೂ ಒಂದು ಸಂಜೆಯಲ್ಲಿ ಹಿಡಿಯುತ್ತಾರೆ. ಅದೇ ಭಾಗದಲ್ಲಿ ಮುಂದೆ ಐದನೇ ಫ್ರೆಟ್‌ನ ಬಾರೆ ಬರುತ್ತದೆ. ಆಮೇಲೆ ಏಳನೇ ಫ್ರೆಟ್‌ನಲ್ಲಿ ಬಾರೆ ಹಿಡಿದೇ ಕಿರುಬೆರಳು ಹನ್ನೊಂದನೇ ಫ್ರೆಟ್‌ಗೆ ಚಾಚಬೇಕು. ಎರಡನೇ ಭಾಗ ಇ ಮೇಜರ್‌ಗೆ ತಿರುಗಿ ಇನ್ನೂ ಕಷ್ಟ. ಆದ್ದರಿಂದಲೇ ಸಮಾರಂಭಗಳಲ್ಲಿ ಈ ಪೀಸ್ ಯಾವಾಗಲೂ ಅರ್ಧಕ್ಕೇ ಮುಗಿದು ಚಪ್ಪಾಳೆ ಗಿಟ್ಟಿಸುತ್ತದೆ.

ಫ್ರಾನ್ಸಿಸ್ಕೊ ತಾರೆಗಾ (1852–1909) ಅವರ ‘ಲಾಗ್ರಿಮಾ’ ಒಂದೇ ಪುಟ, ನಿಧಾನ, ಮಧುರ. ಮೇಲೆ ನಾಲ್ಕು ಶಾರ್ಪ್ (ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಗುರುತು), ಕೈ ಕತ್ತಿನ ಮೇಲಕ್ಕೆ ಹೋಗಿ ಬರಬೇಕು, ಬಾರೆಯೂ ಇದೆ. ಎರಡನೇ ವರ್ಷದ ಕೊನೆಗೆ ಇಟ್ಟುಕೊಳ್ಳಿ. ಅವರದೇ ‘ರೆಕುಎರ್ಡೋಸ್ ದೆ ಲಾ ಆಲಂಬ್ರಾ’ ಒಂದೇ ಸ್ವರವನ್ನು ಬೆರಳು ಬದಲಿಸುತ್ತ ಬಿಡದೆ ಮೀಟುವ ಟ್ರೆಮೊಲೊ ಪೀಸ್, ಈ ಎರಡು ವರ್ಷಗಳ ಮಾತಲ್ಲ.

ಪಿಯಾನೋದಿಂದ ಬಂದವು ಇನ್ನೊಂದು ಬಗೆ. ಸಂಗೀತಗಾರ ಬಾಖ್ ಅವರ ಪತ್ನಿ ಆನಾ ಮಗ್ದಲೇನಾ ಬಾಖ್ ಅವರ 1725ರ ನೋಟ್‌ಬುಕ್‌ನ ಜಿ ಮೇಜರ್ ಮಿನುಎಟ್, ಬಹುಕಾಲ ಬಾಖ್ ಹೆಸರಿನಲ್ಲಿದ್ದು ನಿಜವಾಗಿ ಕ್ರಿಸ್ಟಿಯನ್ ಪೆಟ್ಸೋಲ್ಡ್ ಬರೆದದ್ದು, ಪಿಯಾನೋದಲ್ಲಿ ಮಕ್ಕಳ ಪಾಠ. ಅಲ್ಲಿ ಬಾಸ್‌ಗೆ ಒಂದು ಕೈ, ರಾಗಕ್ಕೆ ಇನ್ನೊಂದು. ಗಿಟಾರ್‌ನಲ್ಲಿ ಎರಡೂ ದನಿಯನ್ನು ಎಡಗೈಯ ನಾಲ್ಕೇ ಬೆರಳು ಹಂಚಿಕೊಳ್ಳಬೇಕು. ಬೀಥೋವನ್‌ನ ‘ಫ್ಯೂರ್ ಎಲೀಜೆ’ ಎ ಮೈನರ್‌ನಲ್ಲಿ ಸಲೀಸಾಗಿ ಶುರುವಾಗಿ, ಎಫ್ ಮೇಜರ್‌ನ ನಡುಭಾಗದಲ್ಲಿ ಕೈ ಕಟ್ಟುತ್ತದೆ. ಪಿಯಾನೋದಿಂದ ಬಂದದ್ದಲ್ಲದಿದ್ದರೂ ಬಾಖ್‌ನ ಇ ಮೈನರ್ ಬೂರೆಯಲ್ಲೂ ಮೇಲಿನ ದನಿ, ಕೆಳಗಿನ ದನಿ ಎರಡೂ ಬಿಡುವಿಲ್ಲದೆ ನಡೆಯುತ್ತವೆ. ಮೂರನೇ ಪರೀಕ್ಷೆ 100ರ ವೇಗದಲ್ಲಿ ಪಾಸಾಗುವವರೆಗೆ ಅದನ್ನು ಕೇಳಿ ಸಂತೋಷಪಡಿ.

ಹೆಜ್ಜೆ 7: ಸರಿಯಾದ ಹಾಳೆ ಹುಡುಕುವುದು

ಹತ್ತೊಂಬತ್ತನೇ ಶತಮಾನದ ಈ ಪೀಸ್‌ಗಳಿಗೆ ಹಕ್ಕುಸ್ವಾಮ್ಯ ಇಲ್ಲ. ಐಎಂಎಸ್‌ಎಲ್‌ಪಿ ಜಾಲತಾಣದಲ್ಲಿ ಸೋರ್, ಜುಲಿಯಾನಿ, ಕರುಲಿ, ಕರ್ಕಾಸಿ ಎಲ್ಲರ ಹಳೆಯ ಮುದ್ರಣಗಳು ಉಚಿತ. ಸ್ಟಾಕ್‌ಹೋಮ್‌ನ ಬೋಯೆ ಎಂಬ ಹಳೆಯ ಗಿಟಾರ್ ಹಾಳೆಗಳ ಸಂಗ್ರಹವೂ ಆನ್‌ಲೈನ್‌ನಲ್ಲಿದೆ. ಭಾರತದಲ್ಲಿ ಹಕ್ಕು ಲೇಖಕರ ಮರಣದ ನಂತರ 60 ವರ್ಷ ಇರುತ್ತದೆ. 1939ರಲ್ಲಿ ಹುಟ್ಟಿದ ಬ್ರೌವರ್ ಅವರ ಪುಸ್ತಕವನ್ನು ಆದ್ದರಿಂದ ದುಡ್ಡು ಕೊಟ್ಟೇ ತರಿಸಬೇಕು.

ಹಳೆಯ ಮುದ್ರಣಗಳಲ್ಲಿ ಬೆರಳಿನ ಅಂಕಿಗಳು ಕಡಿಮೆ. ಒಬ್ಬರೇ ಕಲಿಯುವವರು ಬೆರಳು ಸೂಚನೆ ಇರುವ ಹೊಸ ಆವೃತ್ತಿ ಇಟ್ಟುಕೊಳ್ಳುವುದು ಮೇಲು. ಟ್ರಿನಿಟಿ ಕಾಲೇಜ್ ಲಂಡನ್‌ನ ಕ್ಲಾಸಿಕಲ್ ಗಿಟಾರ್ ಪರೀಕ್ಷೆ ಇನಿಷಿಯಲ್‌ನಿಂದ ಎಂಟನೇ ಗ್ರೇಡ್‌ವರೆಗಿದೆ. ಪರೀಕ್ಷೆ ಬರೆಯದಿದ್ದರೂ ಅದರ ಸಿಲಬಸ್ ಪಟ್ಟಿ ಒಳ್ಳೆಯ ಜರಡಿ. ಮನಸ್ಸಿನಲ್ಲಿರುವ ಪೀಸ್ ನಾಲ್ಕನೇ ಗ್ರೇಡ್‌ನಲ್ಲಿ ಕಂಡರೆ ಉತ್ತರ ಸಿಕ್ಕಿತು.

ನಂಬರ್‌ಗಳ ಗೊಂದಲ ಗೊತ್ತಿರಲಿ. ‘ಓಪಸ್ 60’ ಎಂದಷ್ಟೇ ಬರೆದರೆ ಸೋರ್ ಅವರ ಮೊದಲ ಪಾಠಗಳೂ ಆಗಬಹುದು, ಕರ್ಕಾಸಿಯ ಎರಡನೇ ವರ್ಷದ ಅಭ್ಯಾಸಗಳೂ ಆಗಬಹುದು. ಒಂದರ ಬದಲು ಇನ್ನೊಂದು ಪ್ರಿಂಟ್ ಹಾಕಿಸಿಕೊಂಡರೆ ವರ್ಷವೇ ಅದಲುಬದಲು. ಸ್ಪೇನಿನ ಗಿಟಾರ್ ವಾದಕ ಆಂದ್ರೆಸ್ ಸೆಗೋವಿಯಾ ಸೋರ್ ಅವರ 20 ಅಭ್ಯಾಸಗಳನ್ನು ಆರಿಸಿ ತಮ್ಮದೇ ನಂಬರ್ ಕೊಟ್ಟರು. ಯೂಟ್ಯೂಬ್‌ನಲ್ಲಿ ‘ಸೋರ್ ಸ್ಟಡಿ 5’ ಎಂದು ಸಿಗುವುದು ಬಹುತೇಕ ಓಪಸ್ 35ರ ನಂಬರ್ 22.

ಬಳಕೆದಾರರು ಬರೆದು ಹಾಕಿದ ಟ್ಯಾಬ್ (ತಂತಿ, ಫ್ರೆಟ್‌ಗಳ ಅಂಕಿ ಬರಹ) ಬೆರಳು ಎಲ್ಲಿ ಇಡಬೇಕೆಂದು ಹೇಳುತ್ತದೆ, ಎಷ್ಟು ಹೊತ್ತು ಇಡಬೇಕೆಂದು ಸಾಮಾನ್ಯವಾಗಿ ಹೇಳುವುದಿಲ್ಲ. ಬಾಸ್ ಕಡಿಯುವ ಚಾಳಿ ಹತ್ತುವುದು ಅಲ್ಲಿಂದಲೇ. ಸ್ಟಾಫ್ (ಐದು ಗೆರೆಯ ನೋಟೇಶನ್) ಮತ್ತು ಟ್ಯಾಬ್ ಎರಡೂ ಇರುವ ಹಾಳೆ ಆರಿಸಿ, ಸ್ಟಾಫ್ ನೋಡಿ ನುಡಿಸಿ, ಸಿಕ್ಕಿಕೊಂಡಲ್ಲಿ ಮಾತ್ರ ಕಣ್ಣು ಕೆಳಗಿಳಿಸಿ. ಝೆರಾಕ್ಸ್ ಅಂಗಡಿಯಲ್ಲಿ ಎ4ನ ಒಂದೇ ಬದಿಗೆ ಪ್ರಿಂಟ್ ಹಾಕಿಸಿ. ಎರಡು ಹಾಳೆ ಪಕ್ಕಪಕ್ಕ ಅಂಟಿಸಿದರೆ ನಡುವೆ ಪುಟ ತಿರುವುವ ಗೋಜಿಲ್ಲ.

ಹೆಜ್ಜೆ 8: ಒಂದಲ್ಲ, ಮೂರು

ಒಂದೇ ಪೀಸ್ ಹಿಡಿದು ಕೂತರೆ ಅದು ಮುಗಿಯುವ ಹೊತ್ತಿಗೆ ಅದರ ಮೇಲೆ ಜಿಗುಪ್ಸೆ ಬಂದಿರುತ್ತದೆ. ಮೂರು ಇರಲಿ: ದಿನವೂ ಹೊಸದಾಗಿ ಓದಲು ಅತಿ ಸುಲಭದ್ದೊಂದು, ಕಲಿಯುತ್ತಿರುವುದೊಂದು, ಕಲಿತು ಕೈಯಲ್ಲಿರುವುದೊಂದು. ದಿನಕ್ಕೆ 40 ನಿಮಿಷ ಇದ್ದರೆ ಐದು ನಿಮಿಷ ಬಲಗೈ ಅಭ್ಯಾಸ, ಹತ್ತು ಓದು, ಇಪ್ಪತ್ತು ಹೊಸ ಪೀಸ್, ಕೊನೆಯ ಐದು ಹಳೆಯದಕ್ಕೆ. ಹೊಸದಕ್ಕೆ ಆರು ವಾರದ ಗಡುವು. ಅಷ್ಟರೊಳಗೆ ಮೊದಲಿಂದ ಕೊನೆಯವರೆಗೆ ನಿಧಾನವಾಗಿಯಾದರೂ ಬರದಿದ್ದರೆ ಆಯ್ಕೆ ತಪ್ಪಿತ್ತು, ಬದಲಿಸಿ.

ಉಗುರಿನ ವಿಚಾರ ಇಲ್ಲಿ ಹೇಳಲೇಬೇಕು. ತೋಟದ ಕೆಲಸ, ಪಾತ್ರೆ ತೊಳೆಯುವುದು, ಡಿಸೆಂಬರ್‌ನಿಂದ ಕಾಫಿ ಕುಯ್ಲು ಎಂದಿರುವವರಿಗೆ ಬಲಗೈ ಉಗುರು ಉಳಿಯುವುದು ಕಷ್ಟ. ಮಳೆಗಾಲದಲ್ಲಂತೂ ಮೆತ್ತಗಾಗಿ ಪದರ ಬಿಡುತ್ತದೆ. ಸೋರ್ ಸ್ವತಃ ಉಗುರಿಲ್ಲದೆ ಬೆರಳ ತುದಿಯಿಂದ ನುಡಿಸುತ್ತಿದ್ದವರು. ಉಗುರು ಮುರಿದ ತಿಂಗಳುಗಳಲ್ಲಿ ಅವರ ನಿಧಾನದ ಪೀಸ್‌ಗಳನ್ನು ಹಿಡಿಯಿರಿ, ವೇಗದ ಅರ್ಪೆಜಿಯೊಗಳನ್ನು ಉಗುರು ಬೆಳೆದ ಮೇಲೆ ನೋಡಿಕೊಳ್ಳಬಹುದು.